ವಜೀರಾಬಾದಿನ ಮೇಲೆ, ವಜೀರಾಬಾದಿನ ಕೆಳಗೆ

ಪ್ರಶ್ನೆ: ಗೆಳೆಯರೊಬ್ಬರ ಒತ್ತಾಯಕ್ಕೆ ಜಪಾನಿನ ‘ಈವಿಲ್ ಡಸ್ ನಾಟ್ ಎಕ್ಸಿಸ್ಟ್’ ಸಿನಿಮಾ ನೋಡಿದೆ. ಮುಕ್ಕಾಲು ಪಾಲು ಚೆನ್ನಾಗಿತ್ತು, ಕೊನೆಯ ಹತ್ತು ನಿಮಿಷದ ತಲೆಬುಡ ತಿಳಿಯಲಿಲ್ಲ. ಇದು ಪ್ರಕೃತಿ ಮತ್ತು ಸಮಾಜದ ರೂಪಕ ಎನ್ನುತ್ತಾರೆ. ಯಾವುದು ಯಾವುದರ ಸಂಕೇತ? ನಮ್ಮ ದಿಲ್ಲಿಯ ಬಗ್ಗೆ ಇಂಥದ್ದೊಂದು ಸಿನಿಮಾ ಇದೆಯೇ? ಹತ್ತನೇ ತರಗತಿಯ ಮಗಳಿಗೆ ಇದನ್ನು ತೋರಿಸಬಹುದೇ?
— ಓದುಗರು, ದ್ವಾರಕಾ, ನವದೆಹಲಿ

ಉತ್ತರ: ಕೊನೆಯ ಹತ್ತು ನಿಮಿಷದ ಮಾತು ಕೊನೆಗೇ ಇರಲಿ. ಸಿನಿಮಾ ನೋಡದವರೂ ಈ ಪುಟ ಓದುತ್ತಿರಬಹುದು. ಅಲ್ಲಿಗೆ ಬಂದಾಗ ಎಚ್ಚರಿಸುತ್ತೇನೆ, ಕಥೆ ಬಿಟ್ಟುಕೊಟ್ಟ ಪಾಪ ನನಗೆ ಬೇಡ. ಚೆನ್ನಾಗಿತ್ತು ಎಂದಿರಲ್ಲ, ಆ ಮುಕ್ಕಾಲು ಪಾಲಿನಲ್ಲೇ ನಿಮಗೆ ಬೇಕಾದ್ದು ಬಹಳಷ್ಟು ಇದೆ. ಅದರಲ್ಲೂ ಊರ ಸಭೆಯ ದೃಶ್ಯದಲ್ಲಿ.

ಮೊದಲು ಕಥೆಯ ಎಳೆ. ಟೋಕಿಯೋದಿಂದ ಹೆಚ್ಚು ದೂರವಿಲ್ಲದ ಬೆಟ್ಟದ ಸೀಮೆಯಲ್ಲಿ ಮಿಜುಬಿಕಿ ಎಂಬ ಕಲ್ಪಿತ ಹಳ್ಳಿ. ಅಲ್ಲಿ ತಕುಮಿ ಎಂಬ ಮೌನಿ. ಊರವರು ಹೇಳಿದ ಸಣ್ಣಪುಟ್ಟ ಕೆಲಸ ಮಾಡಿಕೊಂಡು ಬದುಕುವವನು. ಸೌದೆ ಒಡೆಯುತ್ತಾನೆ, ತೊರೆಗೆ ಹೋಗಿ ಸೌಟಿನಲ್ಲಿ ನೀರು ಮೊಗೆಮೊಗೆದು ಕ್ಯಾನಿಗೆ ತುಂಬುತ್ತಾನೆ. ಆ ನೀರು ಊರಿನ ಉಡೋನ್ (ಜಪಾನೀ ನೂಡಲ್ಸ್) ಅಂಗಡಿಯ ಅಡುಗೆಗೆ. ಇವನಿಗೊಬ್ಬಳು ಪುಟ್ಟ ಮಗಳು, ಹಾನಾ. ಶಾಲೆಯಿಂದ ಅವಳನ್ನು ಕರೆತರುವುದನ್ನು ಮರೆಯುವುದು ಇವನ ಅಭ್ಯಾಸ. ಅವಳು ಕಾಯುವಷ್ಟು ಕಾದು ಕಾಡಿನ ದಾರಿ ಹಿಡಿದು ಒಬ್ಬಳೇ ಮನೆಗೆ ನಡೆಯುತ್ತಾಳೆ. ಇಂಥ ಊರಿಗೆ ಟೋಕಿಯೋದ ಒಂದು ಕಂಪನಿ ‘ಗ್ಲ್ಯಾಂಪಿಂಗ್’ ತಾಣ ಮಾಡಲು ಬರುತ್ತದೆ. ಅಂದರೆ ಟೆಂಟು, ಆದರೆ ಒಳಗೆ ಹೋಟೆಲಿನ ಹಾಸಿಗೆ. ಸಕಲೇಶಪುರ, ಚಿಕ್ಕಮಗಳೂರು ಕಡೆಯ ಓದುಗರಿಗೆ ವಿವರಣೆಯೇ ಬೇಡ.

ಕಂಪನಿಯ ವ್ಯಾಪಾರ ನಟ-ನಟಿಯರಿಗೆ ಅವಕಾಶ ಕುದುರಿಸಿಕೊಡುವುದು. ಪ್ರವಾಸೋದ್ಯಮದ ಗಂಧಗಾಳಿ ಅದಕ್ಕಿಲ್ಲ. ಕೋವಿಡ್ ಪರಿಹಾರದ ಸಬ್ಸಿಡಿ ಸಿಗುತ್ತದೆ, ಅರ್ಜಿಯ ಗಡುವು ಹತ್ತಿರ ಬಂದಿದೆ, ಅದಕ್ಕೇ ಈ ಆತುರ. ಊರವರಿಗೆ ತಿಳಿಸಿ ಹೇಳಲು ತಕಹಾಶಿ, ಮಯುಝುಮಿ ಎಂಬ ಇಬ್ಬರು ನೌಕರರನ್ನು ಕಳಿಸುತ್ತದೆ. ಸಭೆ ಶುರುವಾಗುತ್ತದೆ. ವಿಡಿಯೋ ತೋರಿಸಿದ ಮೇಲೆ ಊರವರು ಒಬ್ಬೊಬ್ಬರಾಗಿ ಕೈ ಎತ್ತುತ್ತಾರೆ. ಅರವತ್ತನಾಲ್ಕು ಜನ ಉಳಿಯುವ ತಾಣಕ್ಕೆ ಶೌಚದ ಟ್ಯಾಂಕು ಐವತ್ತು ಜನಕ್ಕೆ ಮಾತ್ರ ಯಾಕೆ? ಪೂರ್ತಿ ಭರ್ತಿಯಾಗುವುದು ಅಪರೂಪ ಎಂದು ಉತ್ತರ. ಹಾಗಾದರೆ ಭರ್ತಿಯಾದ ದಿನ? ಟ್ಯಾಂಕು ಇರುವ ಜಾಗ ಬಾವಿಗಳಿಗಿಂತ ಎತ್ತರದಲ್ಲಿದೆಯಲ್ಲ? ರಾತ್ರಿ ಕಾವಲಿಗೆ ಯಾರೂ ಇರುವುದಿಲ್ಲವಂತೆ, ಬೆಂಕಿ ಹಾಕಿಕೊಂಡು ಕುಡಿದವರನ್ನು ನೋಡಿಕೊಳ್ಳುವವರು ಯಾರು? ಕೊನೆಗೆ ಊರ ಹಿರಿಯ ಬಹಳ ಮೆದುವಾಗಿ ಹೇಳುತ್ತಾನೆ: ನೀರು ಕೆಳಕ್ಕೆ ಹರಿಯುತ್ತದೆ, ಮೇಲೆ ಮಾಡಿದ್ದು ಕೆಳಗಿನವರಿಗೆ ಬರುತ್ತದೆ, ಮೇಲಿರುವವರಿಗೆ ಆ ಹೊಣೆ ಇರಬೇಕು.

ಯಾವುದು ಯಾವುದರ ಸಂಕೇತ ಎಂದು ಕೇಳಿದಿರಿ. ನನ್ನ ಉತ್ತರ: ಈ ಸಿನಿಮಾದಲ್ಲಿ ಶೌಚದ ಟ್ಯಾಂಕು ಶೌಚದ ಟ್ಯಾಂಕೇ. ಇಳಿಜಾರು ಇಳಿಜಾರೇ. ಜಿಂಕೆ ಎಂದರೆ ಮುಗ್ಧತೆ, ಕಾಡು ಎಂದರೆ ತಾಯಿ, ಕೊಡಲಿ ಎಂದರೆ ನಾಗರಿಕತೆ ಎಂದು ಪಟ್ಟಿ ಬರೆದುಕೊಂಡು ಕೂತರೆ ನಿರ್ದೇಶಕ ರ್ಯೂಸುಕೆ ಹಮಾಗುಚಿ ಕೈಗೆ ಸಿಗುವುದಿಲ್ಲ. ಅವರು ಒಂದು ನಿಜವಾದ ಇಳಿಜಾರನ್ನು ತೋರಿಸಿ ಸುಮ್ಮನಾಗುತ್ತಾರೆ. ಅದನ್ನು ನಾವು ನಮ್ಮ ಊರಿಗೆ ತಂದು ಇಟ್ಟುಕೊಂಡಾಗ ರೂಪಕವಾಗುತ್ತದೆ.

ಶೀರ್ಷಿಕೆಯ ಗುಟ್ಟೂ ಇಲ್ಲೇ ಇದೆ ಎಂದು ನನಗನಿಸುತ್ತದೆ. ಸಭೆಯಲ್ಲಿ ಬೈಸಿಕೊಂಡ ಆ ಇಬ್ಬರು ಕೆಟ್ಟವರಲ್ಲ. ಟೋಕಿಯೋಗೆ ಮರಳಿ, ಊರವರ ಮಾತು ಸರಿ, ಟ್ಯಾಂಕಿನ ಜಾಗ ಬದಲಿಸೋಣ ಎಂದು ಮಾಲೀಕನಿಗೂ ಹೇಳುತ್ತಾರೆ. ಆತನೂ ರಾಕ್ಷಸನಲ್ಲ, ಗಡುವಿನ ಗುಲಾಮ. ವಿಡಿಯೋ ಕರೆಯಲ್ಲಿ ಬರುವ ಸಲಹೆಗಾರನಿಗೆ, ಸಭೆ ನಡೆದಿದೆಯಲ್ಲ, ಅಹವಾಲು ಕೇಳಿದಂತಾಯಿತು, ಅಷ್ಟು ಸಾಕು. ನಮ್ಮಲ್ಲಿ 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಸಾರ್ವಜನಿಕ ಅಹವಾಲು ಸಭೆಗಳು ನಡೆಯುತ್ತವಲ್ಲ, ಶಾಮಿಯಾನ, ನೀರಿನ ಬಾಟಲಿ, ಹಾಜರಿ ಪುಸ್ತಕ, ಮೈಕಿನ ಮುಂದೆ ಅಧಿಕಾರಿಗಳು. ಅಂಥ ಸಭೆಯಲ್ಲಿ ಒಮ್ಮೆ ಕೂತವರಿಗೆ ಆ ಸಲಹೆಗಾರನ ಮುಖ ಎಲ್ಲೋ ನೋಡಿದಂತೆ ಅನಿಸದೆ ಇರದು.

ಇನ್ನೊಂದು ವಿವರ ಬಹಳ ಜನರ ಕಣ್ಣು ತಪ್ಪುತ್ತದೆ. ಆ ಸಭೆಯಲ್ಲಿ ತಕುಮಿ ಊರಿನ ಪರವಾಗಿ ಮಾತಾಡುವಾಗ, ನಾವು ಈ ಮಣ್ಣಿನ ಮಕ್ಕಳು ಎಂದು ಎದೆ ತಟ್ಟಿಕೊಳ್ಳುವುದಿಲ್ಲ. ಯುದ್ಧ ಮುಗಿದ ಮೇಲೆ ಜಮೀನು ಹಂಚಿದಾಗ ಬಂದು ನೆಲೆಸಿದವರು ನಮ್ಮ ಹಿರಿಯರು, ಒಂದು ಲೆಕ್ಕದಲ್ಲಿ ಇಲ್ಲಿ ಎಲ್ಲರೂ ಹೊರಗಿನವರೇ, ಕಾಡನ್ನು ನಾವೂ ಸ್ವಲ್ಪ ಕೆಡಿಸಿದ್ದೇವೆ, ಅಳತೆ ಮೀರಬಾರದು ಅಷ್ಟೇ ಎನ್ನುತ್ತಾನೆ. ದಿಲ್ಲಿಯಲ್ಲಿ ಕೂತು ಇದನ್ನು ಕೇಳಿದರೆ ಬೇರೆಯೇ ಅನಿಸುತ್ತದೆ. 1947ರಲ್ಲಿ ಪಂಜಾಬಿನಿಂದ ಬಂದವರು, ಆಮೇಲೆ ಪೂರ್ವಾಂಚಲದಿಂದ ಬಂದವರು, ಕೇಂದ್ರ ಸರ್ಕಾರದ ನೌಕರಿ ಹಿಡಿದು ಬಂದ ನಮ್ಮಂಥ ಕನ್ನಡದವರು, ಇಲ್ಲಿ ಯಾರು ಯಾರನ್ನು ಹೊರಗಿನವರೆನ್ನುವುದು?

ಈಗ ಆ ಇಳಿಜಾರನ್ನು ನಿಮ್ಮ ಮನೆಗೇ ತರುತ್ತೇನೆ. ದ್ವಾರಕಾದ ನಲ್ಲಿಗಳಿಗೆ ಬರುವ ನೀರಿನ ಬಹುಪಾಲು ಹರಿಯಾಣದ ಕರ್ನಾಲ್ ಕಡೆಯ ಮುನಕ್‌ನಿಂದ ಕಾಲುವೆಯಲ್ಲಿ ಹರಿದು ಬಂದದ್ದು. ಮೂಲದಲ್ಲಿ ಅದು ಯಮುನೆಯದೇ. 2016ರ ಫೆಬ್ರವರಿಯಲ್ಲಿ ಜಾಟ್ ಮೀಸಲಾತಿ ಚಳವಳಿಯವರು ಆ ಕಾಲುವೆಯನ್ನು ಕೆಡಿಸಿದಾಗ ದಿಲ್ಲಿ ಬಾಯಾರಿ ಕೂತದ್ದು ನಿಮಗೆ ನೆನಪಿರಬಹುದು. ಇದು ನಿಮಗಿಂತ ಮೇಲಿನ ಕಥೆ. ಇನ್ನು ನೀವು ಬಳಸಿ ಬಿಟ್ಟ ನೀರು? ನಿಮ್ಮ ಬಡಾವಣೆಯ ಪಕ್ಕದಲ್ಲೇ ನಜಫ್‌ಗಢ ನಾಲೆ ಇದೆ. ಈಗ ಅದನ್ನು ನಾಲಾ ಎನ್ನುತ್ತೇವೆ, ಮೂಗು ಮುಚ್ಚಿಕೊಂಡು ಸೇತುವೆ ದಾಟುತ್ತೇವೆ. ಒಂದು ಕಾಲಕ್ಕೆ ಅದು ಸಾಹಿಬಿ ನದಿ, ರಾಜಸ್ಥಾನದ ಅರಾವಳಿಯಲ್ಲಿ ಹುಟ್ಟಿ ಇಲ್ಲಿ ಕೆರೆಯಾಗಿ ಹರಡಿಕೊಂಡು ಯಮುನೆ ಸೇರುತ್ತಿದ್ದ ನದಿ. ಗುರುಗ್ರಾಮದ ಬಾದಶಾಹಪುರ ನಾಲೆಯ ಕೊಳಕೂ ಅದಕ್ಕೇ ಬಂದು ಬೀಳುತ್ತದೆ. ಎಲ್ಲ ಹೊತ್ತುಕೊಂಡು ಅದು ಧಾನ್ಸಾದಿಂದ ಸುಮಾರು 57 ಕಿಲೋಮೀಟರ್ ಹರಿದು ವಜೀರಾಬಾದಿನಲ್ಲಿ ಯಮುನೆ ಸೇರುತ್ತದೆ.

ವಜೀರಾಬಾದ್ ಎಂದೆನಲ್ಲ, ಅಲ್ಲಿ ಸ್ವಲ್ಪ ನಿಲ್ಲಬೇಕು. ಅಲ್ಲೊಂದು ಬ್ಯಾರೇಜ್ ಇದೆ. ಬ್ಯಾರೇಜಿನ ಮೇಲ್ಬದಿಯಿಂದ ದಿಲ್ಲಿ ಕುಡಿಯುವ ನೀರು ಎತ್ತಿಕೊಳ್ಳುತ್ತದೆ. ಕೆಳಬದಿಯಲ್ಲಿ, ಒಂದಿಷ್ಟೇ ದೂರದಲ್ಲಿ, ನಜಫ್‌ಗಢ ನಾಲೆ ಬಂದು ಕೂಡುತ್ತದೆ. ಒಂದೇ ನದಿ, ನಡುವೆ ಒಂದು ಗೋಡೆ. ಈ ಬದಿಯದು ಲೋಟಕ್ಕೆ, ಆ ಬದಿಯದು ಪರರ ಪಾಲಿಗೆ. ಅಲ್ಲಿಂದ ಓಖ್ಲಾದವರೆಗಿನ 22 ಕಿಲೋಮೀಟರ್, ಯಮುನೆಯ 1,376 ಕಿಲೋಮೀಟರ್ ಉದ್ದದಲ್ಲಿ ನೂರಕ್ಕೆ ಎರಡು ಪಾಲೂ ಅಲ್ಲ. ಆದರೆ ನದಿಗೆ ಬೀಳುವ ಕೊಳೆಯಲ್ಲಿ ಸುಮಾರು ಮುಕ್ಕಾಲು ಪಾಲು ಬೀಳುವುದು ಅಷ್ಟರಲ್ಲೇ. ಛಠ್ ಹಬ್ಬದ ಹೊತ್ತಿಗೆ ಕಾಲಿಂದಿ ಕುಂಜದಲ್ಲಿ ಬಿಳಿ ನೊರೆಯ ನಡುವೆ ಸೊಂಟದುದ್ದ ನೀರಿನಲ್ಲಿ ನಿಂತ ಹೆಂಗಸರ ಫೋಟೋ ಪ್ರತಿ ವರ್ಷ ಪತ್ರಿಕೆಯಲ್ಲಿ ಬರುತ್ತದಲ್ಲ, ಅದು ಈ ಲೆಕ್ಕದ ಚಿತ್ರ.

ತಮಾಷೆ ಎಂದರೆ ದಿಲ್ಲಿ ಸದಾ ತನ್ನ ಮೇಲಿನವರನ್ನೇ ದೂರುತ್ತದೆ. ಚಳಿಗಾಲದಲ್ಲಿ ಪಾಣಿಪತ್, ಸೋನಿಪತ್ ಕಡೆಯ ಕಾರ್ಖಾನೆಗಳಿಂದ ನೀರಿಗೆ ಅಮೋನಿಯಾ ಸೇರಿ, ಅದು 1 ಪಿಪಿಎಂ ದಾಟಿದರೆ ವಜೀರಾಬಾದ್, ಚಂದ್ರಾವಲ್ ಶುದ್ಧೀಕರಣ ಘಟಕಗಳಿಗೆ ಅದನ್ನು ತಾಳಿಕೊಳ್ಳಲು ಆಗುವುದಿಲ್ಲ. ಆಗ ಮಂತ್ರಿಗಳ ಪತ್ರ, ಟಿ.ವಿ. ಜಗಳ. ಮಥುರಾ, ವೃಂದಾವನ, ಆಗ್ರಾದವರು ದಿಲ್ಲಿಯ ಬಗ್ಗೆ ಹೇಳುವುದೂ ಇದನ್ನೇ. ಅವರ ಮಾತು ಇಲ್ಲಿ ಯಾರಿಗೂ ಕೇಳಿಸುವುದಿಲ್ಲ, ಯಾಕೆಂದರೆ ಕಿವಿಗಳೆಲ್ಲ ಮೇಲ್ಮುಖವಾಗಿವೆ. ನಾವು ಕನ್ನಡಿಗರು ಇದರಲ್ಲಿ ನಗುವ ಹಾಗಿಲ್ಲ. 1990ರಿಂದ 2007ರವರೆಗೆ ಕಾವೇರಿ ನ್ಯಾಯಮಂಡಳಿ ಇದೇ ದಿಲ್ಲಿಯಲ್ಲಿ ಕೂತು ಕೇಳಿದ್ದು ಮೇಲಿನವರು-ಕೆಳಗಿನವರ ವಾದವನ್ನೇ, ಅಲ್ಲಿ ನಾವು ಮೇಲಿನವರು. ಆದರೆ ನಮ್ಮದೇ ಭದ್ರಾ, ತುಂಗಭದ್ರಾ ನಾಲೆಗಳ ಕೊನೆಭಾಗದ ರೈತರನ್ನು ಕೇಳಿ ನೋಡಿ, ಮೇಲ್ಭಾಗದ ಕನ್ನಡಿಗರ ಬಗ್ಗೆ ಅವರಿಗೆ ಹೇಳುವುದು ಬೇಕಾದಷ್ಟಿದೆ.

ಮಿಜುಬಿಕಿಯಂಥ ಊರು ಎನ್‌ಸಿಆರ್‌ನಲ್ಲಿ ಎಲ್ಲಿದೆ ಎಂದರೆ ನಾನು ಬೆರಳಿಡುವುದು ಗುರುಗ್ರಾಮ–ಫರೀದಾಬಾದ್ ರಸ್ತೆ ಬದಿಯ ಅರಾವಳಿಯಲ್ಲಿರುವ ಮಾಂಗರ್ ಮೇಲೆ. ಅಲ್ಲಿಯ ‘ಮಾಂಗರ್ ಬನಿ’ ನಮ್ಮ ಕೊಡಗು, ಮಲೆನಾಡಿನ ದೇವರಕಾಡಿನಂಥದ್ದು. ಗುದರಿಯಾ ದಾಸ್ ಬಾಬಾ ಎಂಬ ಸಂತನ ಕಾವಲಿನ ಕಾಡು ಅದು, ಟೊಂಗೆ ಮುರಿದರೆ ಕೇಡಾಗುತ್ತದೆ ಎಂಬ ನಂಬಿಕೆ. ಸುತ್ತಲಿನ ಮಾಂಗರ್, ಬಂಧ್ವಾರಿ, ಬಲಿಯಾವಾಸ್ ಹಳ್ಳಿಗಳ ಗುಜ್ಜರರು ತಲೆತಲಾಂತರದಿಂದ ಅಲ್ಲಿ ಮೇಕೆ ಮೇಯಿಸದೆ, ಕೊಡಲಿ ಹಾಕದೆ ಉಳಿಸಿಕೊಂಡಿದ್ದಾರೆ. ಅಲ್ಲಿಯ ಮರ ಧೌ. ಬಂಡೆಯ ಸಂದಿಗೆ ಬೇರಿಳಿಸಿ ಬೆಳೆಯುತ್ತದೆ. ಮೇಕೆ ಬಾಯಿ ಹಾಕುವ ಕಡೆ ಈ ಮರ ಮೇಲೇಳುವುದೇ ಇಲ್ಲ, ನೆಲಕ್ಕಂಟಿಕೊಂಡು ಚಾಪೆಯ ಹಾಗೆ ಹರಡುತ್ತದೆ. ಬನಿಯ ಒಳಗೆ ಅದೇ ಮರ ತಲೆಯೆತ್ತಿ ನಿಂತಿದೆ. ಒಂದೇ ಜಾತಿಯ ಗಿಡ ಗಡಿಯ ಆಚೆ ಚಾಪೆ, ಈಚೆ ಮರ. ಸಮಾಜ ಪ್ರಕೃತಿಗೆ ಏನು ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಪಾಠ ಎನ್‌ಸಿಆರ್‌ನಲ್ಲಿ ಬೇರೆ ಸಿಗಲಿಕ್ಕಿಲ್ಲ, ಟಿಕೆಟ್ಟೂ ಇಲ್ಲ.

ಆದರೆ ಬಾಬಾನ ಭಯ ಸಬ್ ರಿಜಿಸ್ಟ್ರಾರ್ ಕಚೇರಿಯವರೆಗೆ ಹೋಗಲಿಲ್ಲ. ಊರಿನ ಗೋಮಾಳವೆಲ್ಲ 1970–80ರ ದಶಕಗಳಲ್ಲಿ ಪಾಲಾಗಿ, ಕಾಗದದ ಮೇಲೆ ಕೈ ಬದಲಾಗಿ, ಎಷ್ಟೋ ಪಾಲು ದಿಲ್ಲಿಯವರ, ಬಿಲ್ಡರುಗಳ ಹೆಸರಿಗೆ ಸೇರಿತು. 2012ರ ಸುಮಾರಿಗೆ ಮಾಂಗರ್ ಅಭಿವೃದ್ಧಿ ಯೋಜನೆಯ ಕರಡು ಬಂದಾಗ ಗಲಾಟೆ ಎದ್ದು ಅದು ನಿಂತಿತು. 2016ರಲ್ಲಿ ಹರಿಯಾಣ ಸರ್ಕಾರ ಬನಿಯ 677 ಎಕರೆಯಲ್ಲೂ ಅದರ ಸುತ್ತ 500 ಮೀಟರ್‌ನಲ್ಲೂ ಕಟ್ಟಡ ಕಟ್ಟುವ ಹಾಗಿಲ್ಲ ಎಂದಿತು. ಅದೇ ಸರ್ಕಾರ ಆಮೇಲೆ ಗುರುಗ್ರಾಮ, ನೂಹ್ ಜಿಲ್ಲೆಗಳ ಅರಾವಳಿಯಲ್ಲಿ 10,000 ಎಕರೆಯ ಸಫಾರಿ ಪಾರ್ಕ್ ಮಾಡುತ್ತೇನೆಂದು ಹೊರಟಿತು. ಕಾಡು ಉಳಿಸಲಿಕ್ಕೇ ಸಫಾರಿ ಎಂಬ ವಾದ ಕೇಳಿದಾಗ ನನಗೆ ಆ ಗ್ಲ್ಯಾಂಪಿಂಗ್ ವಿಡಿಯೋದ ಹಿನ್ನೆಲೆ ಸಂಗೀತವೇ ನೆನಪಾಯಿತು.

ಟ್ಯಾಂಕು ಎಲ್ಲಿದೆ ಎನ್ನುತ್ತೀರಾ? ಬಂಧ್ವಾರಿಯಲ್ಲಿದೆ. ಗುರುಗ್ರಾಮ, ಫರೀದಾಬಾದ್ ಎರಡೂ ನಗರಗಳು ತಮ್ಮ ಕಸವನ್ನು ವರ್ಷಗಟ್ಟಲೆ ತಂದು ಸುರಿದದ್ದು ಇದೇ ಅರಾವಳಿಯ ನೆತ್ತಿಯ ಮೇಲೆ, ಹಳೆಯ ಕಲ್ಲುಗಣಿಯ ಜಾಗದಲ್ಲಿ. ಗಣಿಯೆಂದರೆ ಸೀಳು ಬಿಟ್ಟ ಬಂಡೆ. ಅರಾವಳಿಯಲ್ಲಿ ಮಳೆನೀರು ಅಂತರ್ಜಲಕ್ಕೆ ಇಳಿಯುವುದೇ ಅಂಥ ಬಿರುಕುಗಳ ಮೂಲಕ. ಕಸದ ರಸವೂ ಅದೇ ದಾರಿ ಹಿಡಿಯುತ್ತದೆ. ಕೊಳವೆಬಾವಿಯ ನೀರು ಕೆಟ್ಟಿತೆಂದು ಬಂಧ್ವಾರಿಯವರು ಹೇಳುತ್ತಲೇ ಬಂದಿದ್ದಾರೆ, ಹಸಿರು ನ್ಯಾಯಮಂಡಳಿಯಲ್ಲಿ ವಿಚಾರಣೆಗಳೂ ನಡೆದಿವೆ. ಬಾವಿಗಿಂತ ಎತ್ತರದಲ್ಲಿ ಟ್ಯಾಂಕು ಇಡಬೇಡಿ ಎಂದು ಮಿಜುಬಿಕಿಯವರು ಹೇಳಿದ್ದನ್ನು ಇಲ್ಲಿ ಎರಡು ನಗರಪಾಲಿಕೆಗಳಿಗೆ ಹೇಳಬೇಕು.

ಅದೇ ಗುಡ್ಡಸಾಲಿನ ಖೋರಿಯ ಕಥೆಯನ್ನೂ ಹೇಳದೆ ಮುಂದೆ ಹೋಗಲಾರೆ. ಫರೀದಾಬಾದಿನ ಕಾಂತ್ ಎನ್‌ಕ್ಲೇವ್ ಅರಣ್ಯದ ಜಾಗದಲ್ಲಿ ಎದ್ದ ಶ್ರೀಮಂತರ ಬಡಾವಣೆ. 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅಲ್ಲಿನ ಅಕ್ರಮ ಮನೆಗಳನ್ನು ಕೆಡವಲು ಹೇಳಿದಾಗ ಪರಿಹಾರ ಕೊಡುವ ಮಾತೂ ತೀರ್ಪಿನಲ್ಲೇ ಇತ್ತು. 2021ರ ಜೂನ್‌ನಲ್ಲಿ, ಕೋವಿಡ್ ಎರಡನೇ ಅಲೆಯ ಬೆನ್ನಿಗೇ, ಅದೇ ಅರಣ್ಯ ಜಮೀನಿನ ಖೋರಿ ಗಾಂವನ್ನು ಆರು ವಾರದಲ್ಲಿ ಖಾಲಿ ಮಾಡಿಸಲು ಆದೇಶವಾಯಿತು. ಅಲ್ಲಿ ಮೊದಮೊದಲು ಗುಡಿಸಲು ಹಾಕಿದವರು ಅರಾವಳಿಯ ಗಣಿಗಳಲ್ಲಿ ಕಲ್ಲು ಒಡೆದವರು. ದಿಲ್ಲಿಯ ಕಟ್ಟಡಗಳಿಗೆ ಹೋದ ಕಲ್ಲು ಅದು. ಸುಮಾರು ಹತ್ತು ಸಾವಿರ ಮನೆ. ಕಾಡು ಉಳಿಯಬೇಕು, ನಿಜ. ಇಳಿಜಾರು ನೀರಿಗೆ ಮಾತ್ರ ಇರುವುದಲ್ಲ ಎನ್ನುವುದೂ ಅಷ್ಟೇ ನಿಜ.

ದಿಲ್ಲಿಯ ಮೇಲೆ ಇಂಥ ಸಿನಿಮಾ ಇದೆಯೇ ಎಂದಿರಿ. ಇದೆ. ಅದು ನಡೆಯುವುದೂ ವಜೀರಾಬಾದಿನಲ್ಲೇ. ಶೌನಕ್ ಸೇನ್ ನಿರ್ದೇಶನದ ‘ಆಲ್ ದಟ್ ಬ್ರೀದ್ಸ್’. 2022ರಲ್ಲಿ ಸನ್‌ಡಾನ್ಸ್‌ನಲ್ಲಿ ವಿಶ್ವ ಸಾಕ್ಷ್ಯಚಿತ್ರ ವಿಭಾಗದ ಗ್ರ್ಯಾಂಡ್ ಜ್ಯೂರಿ ಪ್ರಶಸ್ತಿ, ಅದೇ ವರ್ಷ ಕಾನ್‌ನಲ್ಲಿ ಸಾಕ್ಷ್ಯಚಿತ್ರಕ್ಕೆ ಕೊಡುವ ‘ಗೋಲ್ಡನ್ ಐ’, ಮರುವರ್ಷ ಆಸ್ಕರ್ ನಾಮನಿರ್ದೇಶನ. ಸಾಕ್ಷ್ಯಚಿತ್ರ ಎಂದು ಮೂಗು ಮುರಿಯಬೇಡಿ, ರೂಪಕದ ಗುಣ ಅದರಲ್ಲಿ ಹಮಾಗುಚಿಯ ಕಥಾಚಿತ್ರಕ್ಕಿಂತ ಹೆಚ್ಚೇ ಇದೆ.

ನದೀಮ್ ಶಹಜಾದ್, ಮೊಹಮ್ಮದ್ ಸೌದ್ ಅಣ್ಣತಮ್ಮಂದಿರು. ಕೈತೊಳೆಯುವ ಸೋಪಿನ ಡಿಸ್ಪೆನ್ಸರ್ ತಯಾರಿಸುವುದು ಹೊಟ್ಟೆಪಾಡು. ಅದೇ ಮನೆಯ ನೆಲಮಾಳಿಗೆಯಲ್ಲಿ ಗಾಯಗೊಂಡ ಹದ್ದುಗಳ ಆಸ್ಪತ್ರೆ. ಸಾಲಿಕ್ ರೆಹಮಾನ್ ಎಂಬ ಯುವಕ ಜೊತೆಗಾರ. ಹದ್ದು ಎಂದರೆ ದಿಲ್ಲಿಯ ಆಕಾಶದಲ್ಲಿ ನೀವು ದಿನಾ ನೋಡುವ ಕಂದು ಬಣ್ಣದ ‘ಚೀಲ್’. ಗಾಳಿಪಟದ ಗಾಜುಪುಡಿ ಮಾಂಜಾ ರೆಕ್ಕೆ ಕೊಯ್ಯುತ್ತದೆ. ಚೀನೀ ಮಾಂಜಾಗೆ 2017ರಲ್ಲೇ ನಿಷೇಧ ಬಂದಿದೆ, ಆಗಸ್ಟ್ 15ರ ಸಂಜೆ ಮಾಳಿಗೆ ಹತ್ತಿ ನೋಡಿದರೆ ನಿಷೇಧ ಎಷ್ಟು ಜಾರಿಯಲ್ಲಿದೆ ಎಂದು ತಿಳಿಯುತ್ತದೆ. ಈ ಅಣ್ಣತಮ್ಮಂದಿರಿಗೆ ಮೊದಲ ಹದ್ದು ಸಿಕ್ಕಾಗ ಹಳೇ ದಿಲ್ಲಿಯ ಪಕ್ಷಿಗಳ ಆಸ್ಪತ್ರೆಗೆ ಒಯ್ದರಂತೆ. ಅದು ಮಾಂಸ ತಿನ್ನುವ ಹಕ್ಕಿ, ಇಲ್ಲಿ ಸೇರಿಸಿಕೊಳ್ಳುವುದಿಲ್ಲ ಎಂದು ಕಳಿಸಿದರಂತೆ. ಹರೆಯದಲ್ಲಿ ದೇಹದಾರ್ಢ್ಯದ ಹುಚ್ಚು ಇದ್ದ ಇವರಿಗೆ ಸ್ನಾಯು, ಕೀಲುಗಳ ಪರಿಚಯವಿತ್ತು. ಅದನ್ನೇ ಬಂಡವಾಳ ಮಾಡಿಕೊಂಡು ಕಟ್ಟು ಹಾಕಲು, ಹೊಲಿಗೆ ಹಾಕಲು ಕಲಿತರು.

ಒಂದು ದೃಶ್ಯ: ಸಾಲಿಕ್ ಮಾಳಿಗೆಯ ಮೇಲೆ ನಿಂತಿರುವಾಗ ಹದ್ದೊಂದು ಎರಗಿ ಅವನ ಕನ್ನಡಕ ಕಿತ್ತುಕೊಂಡು ಹಾರಿಹೋಗುತ್ತದೆ. ಹುಡುಗ ಬೆಪ್ಪಾಗಿ ಆಕಾಶ ನೋಡುತ್ತಾನೆ, ಉಳಿದವರು ನಗುತ್ತಾರೆ. ಹಕ್ಕಿ ಉಳಿಸುವವನಿಗೆ ಹಕ್ಕಿಯಿಂದ ಉಪಕಾರಸ್ಮರಣೆ ಏನೂ ಇಲ್ಲ. ಆರಂಭದ ದೃಶ್ಯದಲ್ಲಿ ರಾತ್ರಿಯ ಖಾಲಿ ಜಾಗವೊಂದರಲ್ಲಿ ನೂರಾರು ಇಲಿಗಳು ಸರಿದಾಡುತ್ತಿರುತ್ತವೆ, ಕ್ಯಾಮೆರಾ ಅವುಗಳ ಎತ್ತರಕ್ಕೇ ಇಳಿದು ನಿಧಾನವಾಗಿ ಚಲಿಸುತ್ತದೆ, ಹಿಂದೆ ವಾಹನಗಳ ಬೆಳಕು. ಹಮಾಗುಚಿ ಶುರುವಿನಲ್ಲಿ ಕಾಡಿನೊಳಗೆ ಕ್ಯಾಮೆರಾವನ್ನು ಆಕಾಶಕ್ಕೆ ಮುಖ ಮಾಡಿಸಿ ಬಹಳ ಹೊತ್ತು ಸಾಗಿಸುತ್ತಾರಲ್ಲ, ಅದನ್ನೂ ಇದನ್ನೂ ಜೊತೆಗಿಟ್ಟು ನೋಡಿ. ಎರಡರಲ್ಲೂ ನಮ್ಮ ಕಣ್ಣಿನ ಎತ್ತರದಿಂದ ನಮ್ಮನ್ನು ಕೆಳಗಿಳಿಸುವ ಕೆಲಸ ನಡೆದಿದೆ. ಶೌನಕ್ ಸೇನ್ ಚಿತ್ರದ ಹಿನ್ನೆಲೆಯಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧದ ಪ್ರತಿಭಟನೆ, 2020ರ ಫೆಬ್ರವರಿಯ ಈಶಾನ್ಯ ದಿಲ್ಲಿಯ ಗಲಭೆ ಕಿವಿಗೆ ಬೀಳುವಷ್ಟೇ ಬರುತ್ತವೆ. ಯಾರಿಗೆ ಈ ಊರಿನಲ್ಲಿ ಜಾಗವಿದೆ, ಯಾರಿಗಿಲ್ಲ ಎಂಬ ಪ್ರಶ್ನೆ ಹದ್ದಿಗೂ ಮನುಷ್ಯರಿಗೂ ಒಟ್ಟಿಗೇ ಬರುತ್ತದೆ. ನಿರ್ದೇಶಕರು ಅದನ್ನು ಬಾಯಿಬಿಟ್ಟು ಹೇಳಿಸಿಲ್ಲ, ಅದೇ ಈ ಚಿತ್ರದ ಸೊಗಸು.

ಹದ್ದುಗಳು ಗಾಜಿಪುರದ ಕಸದ ಗುಡ್ಡದ ಮೇಲೆ ಸಾವಿರಗಟ್ಟಲೆ ಸುತ್ತುತ್ತವೆ. ರಣಹದ್ದುಗಳು ಡೈಕ್ಲೊಫೆನಾಕ್ ಔಷಧಿಗೆ ಬಲಿಯಾಗಿ ಕಾಣೆಯಾದ ಮೇಲೆ (ದನಗಳಿಗೆ ಆ ಔಷಧಿ ಕೊಡುವುದನ್ನು ನಿಷೇಧಿಸಿದ್ದು 2006ರಲ್ಲಿ, ಆ ಹೊತ್ತಿಗೆ ಆಗಬೇಕಾದ್ದೆಲ್ಲ ಆಗಿಹೋಗಿತ್ತು) ದಿಲ್ಲಿಯ ಎಂಜಲು ತಿಂದು ಮುಗಿಸುವ ಕೆಲಸ ಇವುಗಳ ಪಾಲಿಗೆ ಇನ್ನಷ್ಟು ಬಂತು. ಬೇರೆಲ್ಲೂ ಹೋಗದೆ ಊರಿನ ಹೊಟ್ಟೆಯಲ್ಲೇ ಉಳಿದ ಕಾಡುಜೀವ ಇದು.

ಈ ‘ಬೇರೆಲ್ಲಾದರೂ’ ಎಂಬ ಮಾತೇ ನಮ್ಮನ್ನು ಹಮಾಗುಚಿಯ ಕೊನೆಗೆ ಕರೆದೊಯ್ಯುತ್ತದೆ. ಸಿನಿಮಾ ನೋಡದವರು ಇನ್ನು ನೇರ ಕೊನೆಯ ಪ್ಯಾರಾಕ್ಕೆ ಹಾರಿ.

ಕಾರಿನಲ್ಲಿ ಮೂವರು ಕೂತು ಹೋಗುವ ದೃಶ್ಯ ನೆನಪಿಸಿಕೊಳ್ಳಿ. ತಾಣ ಕಟ್ಟಬೇಕೆಂದಿರುವ ಜಾಗ ಜಿಂಕೆಗಳ ದಾರಿ ಎಂದು ತಕುಮಿ ಹೇಳುತ್ತಾನೆ. ಜಿಂಕೆ ಹಾಯುತ್ತದೆಯೇ ಎಂದು ಅವರು ಕೇಳುತ್ತಾರೆ. ಇಲ್ಲ, ಅದು ಮನುಷ್ಯರನ್ನು ಕಂಡರೆ ಓಡುತ್ತದೆ, ಗುಂಡು ತಗುಲಿ ಓಡಲಾಗದ ಜಿಂಕೆ ಅಥವಾ ಅದರ ತಾಯ್ತಂದೆ ಮಾತ್ರ ತಿರುಗಿ ಬೀಳಬಹುದು ಎನ್ನುತ್ತಾನೆ. ಹಾಗಾದರೆ ಜನ ಬಂದರೆ ಜಿಂಕೆಯೇ ದೂರ ಹೋಗುತ್ತದಲ್ಲ ಎಂದು ತಕಹಾಶಿಗೆ ಸಮಾಧಾನ. ಎಲ್ಲಿಗೆ ಹೋಗುತ್ತದೆ ಎಂದು ತಕುಮಿ ಕೇಳುತ್ತಾನೆ. ಬೇರೆಲ್ಲಾದರೂ ಎಂದು ಇವನು. ಅಲ್ಲಿಗೆ ಮಾತು ನಿಲ್ಲುತ್ತದೆ. ನನ್ನ ಪ್ರಕಾರ ಇಡೀ ಸಿನಿಮಾದಲ್ಲಿ ಅತ್ಯಂತ ಭಯಂಕರವಾದ ಮಾತು ಅದು, ಹೇಳಿದವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರಿಂದ ಇನ್ನೂ ಭಯಂಕರ. ಗುರುಗ್ರಾಮದ ಕಸ ಎಲ್ಲಿಗೆ? ಬೇರೆಲ್ಲಾದರೂ. ಖೋರಿಯ ಜನ? ಬೇರೆಲ್ಲಾದರೂ. ದ್ವಾರಕಾದ ಬಚ್ಚಲ ನೀರು?

ಆಮೇಲೆ ಹಾನಾ ಕಾಣೆಯಾಗುತ್ತಾಳೆ. ಬಯಲಿನಲ್ಲಿ ಅವಳು, ಎದುರಿಗೆ ಗುಂಡೇಟು ತಿಂದ ಜಿಂಕೆ ಮತ್ತು ಅದರ ಮರಿ. ನೆರವಿಗೆ ಓಡಲು ಹೊರಟ ತಕಹಾಶಿಯನ್ನು ತಕುಮಿ ಕೆಡವಿ ಕುತ್ತಿಗೆ ಹಿಸುಕುತ್ತಾನೆ. ಮಗಳು ನೆಲದ ಮೇಲೆ, ಮೂಗಿನಲ್ಲಿ ರಕ್ತ. ಅವಳನ್ನೆತ್ತಿಕೊಂಡು ಅವನು ಮಂಜಿನೊಳಗೆ ಹೋಗುತ್ತಾನೆ. ನಿಮಗೆ ಸಿಟ್ಟು ಬಂದದ್ದು ಸಹಜ. ತಕಹಾಶಿ ಮಾಡಿದ ತಪ್ಪೇನು? ಪಾಪ, ಸೌದೆ ಒಡೆದು ಖುಷಿಪಟ್ಟವನು, ಉಡೋನ್ ತಿಂದು ಮೈ ಬೆಚ್ಚಗಾಯಿತು ಎಂದು ಹೊಗಳಲು ಹೋಗಿ, ಅದು ರುಚಿಯ ಮಾತಲ್ಲವಲ್ಲ ಎಂದು ಅಂಗಡಿಯವರಿಂದ ಅನ್ನಿಸಿಕೊಂಡವನು.

ನಾವು ಗೋವಿನ ಹಾಡು ಕೇಳಿ ಬೆಳೆದವರು. ಅಲ್ಲಿ ಪುಣ್ಯಕೋಟಿಯ ಸತ್ಯಕ್ಕೆ ಹುಲಿಯೇ ಕರಗಿ ಪ್ರಾಣ ಬಿಡುತ್ತದೆ. ಕಾಡಿನ ಪ್ರಾಣಿಗೂ ನಮ್ಮ ನೀತಿ ಗೊತ್ತು, ಕೊನೆಗೆ ತೀರ್ಪು ಕೊಡುವುದೂ ಅದೇ. ಆ ಸಂಸ್ಕಾರದವರು ಹಮಾಗುಚಿಯ ಜಿಂಕೆಯಿಂದಲೂ ತೀರ್ಪು ಕಾಯುತ್ತೇವೆ: ತಪ್ಪು ಮಾಡಿದವರಿಗೆ ಶಿಕ್ಷೆ, ಮಗುವಿಗೆ ರಕ್ಷೆ. ಈ ಜಿಂಕೆಗೆ ಅದೆಲ್ಲ ಗೊತ್ತಿಲ್ಲ. ಅದಕ್ಕೆ ನೋವಾಗಿದೆ, ಹೋಗಲು ಬೇರೆ ಜಾಗವಿಲ್ಲ. ಆ ಗಳಿಗೆಯಲ್ಲಿ ತಕುಮಿಯೂ ಅಂಥದೇ ಒಂದು ಪ್ರಾಣಿ, ಏಟು ಬಿದ್ದ ಮರಿಯ ತಂದೆ. ಅಲ್ಲಿಯವರೆಗೆ ಊರಿಗೂ ಕಂಪನಿಗೂ ನಡುವೆ ನಿಂತು ಅಳತೆಯ ಮಾತಾಡುತ್ತಿದ್ದವನ ಒಳಗೆ ಆ ಅಳತೆ ಮುರಿಯುತ್ತದೆ, ಸಿಕ್ಕವನ ಮೇಲೆ ಬೀಳುತ್ತಾನೆ. ಬಹಳ ಜನ ಹೀಗೇ ಓದಿದ್ದಾರೆ, ನನಗೂ ಒಪ್ಪಿಗೆ. ಒಂದು ಸೇರಿಸುತ್ತೇನೆ: ಮಗಳನ್ನು ಕರೆತರಲು ಮರೆತವನು ಅವನೇ. ಆ ಸಿಟ್ಟಿನಲ್ಲಿ ಆ ಪಾಲೂ ಇದೆ. ಹಾಗೆಂದು ಈ ಕೊನೆ ಪೂರ್ತಿ ಗೆದ್ದಿದೆ ಎಂದು ನಾನು ಹೇಳಲಾರೆ. ಏಕೊ ಇಶಿಬಾಶಿ ಅವರ ಸಂಗೀತ ಕಛೇರಿಗೆ ಹಿನ್ನೆಲೆ ದೃಶ್ಯ ಬೇಕೆಂದು ಶುರುವಾದ ಕೆಲಸ ಇದು, ಅದೇ ಚಿತ್ರಣದಿಂದ ‘ಗಿಫ್ಟ್’ ಎಂಬ ಮೂಕಿಚಿತ್ರವೂ ಬಂದಿದೆ. ಕೊನೆಯ ಭಾಗದಲ್ಲಿ ಕಥೆ ಸಂಗೀತದ ಹಾಗೆ ಮುಗಿಯಲು ನೋಡುತ್ತದೆ. ಸಭೆಯ ದೃಶ್ಯದಲ್ಲಿ ಅಷ್ಟು ಖಚಿತವಾಗಿ ಮಾತಾಡಿದ ಸಿನಿಮಾ ಇಲ್ಲಿ ಮಬ್ಬಿನ ಆಸರೆ ಪಡೆಯಿತು ಎಂಬ ಗೊಣಗಾಟ ನನ್ನದೂ ಇದೆ. 2023ರ ವೆನಿಸ್ ಉತ್ಸವದ ತೀರ್ಪುಗಾರರು ಗ್ರ್ಯಾಂಡ್ ಜ್ಯೂರಿ ಬಹುಮಾನ ಕೊಟ್ಟರು, ಅವರ ಮುಂದೆ ನನ್ನ ಗೊಣಗಾಟ ಎಷ್ಟರದು.

ಹಿಂದಿನ ಜಪಾನೀ ಸಿನಿಮಾಗಳಲ್ಲಿ ಈ ಧಾಟಿ ಹೊಸದೇನಲ್ಲ. ತೆಶಿಗಹಾರಾ ಅವರ ‘ವುಮನ್ ಇನ್ ದ ಡ್ಯೂನ್ಸ್’ (1964), ಮಾತೇ ಇಲ್ಲದಂತಿರುವ ಶಿಂಡೋ ಅವರ ‘ದ ನೇಕೆಡ್ ಐಲ್ಯಾಂಡ್’ (1960) ಸಿಕ್ಕರೆ ನೋಡಿ. ಅದಕ್ಕಿಂತ ಮೊದಲು ಗಿರೀಶ ಕಾಸರವಳ್ಳಿಯವರ ‘ದ್ವೀಪ’ ನೋಡಿ. ನಾ. ಡಿಸೋಜ ಅವರ ಕಾದಂಬರಿಯಿಂದ ಬಂದದ್ದು, ಅಣೆಕಟ್ಟಿನ ಹಿನ್ನೀರು ಏರುತ್ತಾ ಏರುತ್ತಾ ಒಂದು ಮನೆಯನ್ನು ಸುತ್ತುವರಿಯುವ ಕಥೆ. ಊರು ಬಿಟ್ಟು ಬೇರೆಲ್ಲಾದರೂ ಹೋಗಿ ಎಂದಾಗ ಹೋಗದೆ ಉಳಿದವರು ಏನಾಗುತ್ತಾರೆ ಎಂಬುದನ್ನು ನಮ್ಮ ಭಾಷೆಯಲ್ಲಿ ಅಷ್ಟು ಚೆನ್ನಾಗಿ ಹೇಳಿದ ಚಿತ್ರ ಇನ್ನೊಂದಿಲ್ಲ. ನಾಗಿಯ ಪಾತ್ರದಲ್ಲಿ ಸೌಂದರ್ಯ ಇದ್ದಾರೆ, ಮಳೆ ಇದೆ, ಸಾಕಲ್ಲ.

ಇನ್ನು ನಿಮ್ಮ ಮಗಳು. ಧಾರಾಳವಾಗಿ ತೋರಿಸಿ, ಆದರೆ ಮೊದಲು ‘ಆಲ್ ದಟ್ ಬ್ರೀದ್ಸ್’. ಕನ್ನಡಕ ಕಿತ್ತುಕೊಳ್ಳುವ ಹದ್ದಿಗೆ ಹತ್ತನೇ ತರಗತಿಯವರು ಒಲಿಯುತ್ತಾರೆ. ಜಪಾನಿನದು ಒಂದೂ ಮುಕ್ಕಾಲು ಗಂಟೆಯ ನಿಧಾನದ ಚಿತ್ರ. ಕೊನೆಯಲ್ಲಿ ಹಿಂಸೆಯ ದೃಶ್ಯ ಇರುವುದರಿಂದ ಜೊತೆಗೆ ಕೂತು ನೋಡಿ. ಊರ ಸಭೆ ಮುಗಿದ ಕೂಡಲೇ ಸ್ವಲ್ಪ ನಿಲ್ಲಿಸಿ, ನಿಮ್ಮ ಸೊಸೈಟಿಯ ಕೊಳಚೆ ನೀರು ಯಾವ ಪೈಪಿನಲ್ಲಿ ಎಲ್ಲಿಗೆ ಹೋಗುತ್ತದೆ ಎಂದು ಅವಳನ್ನೇ ಪತ್ತೆ ಮಾಡಲು ಹೇಳಿ. ಉತ್ತರ ಸಿಗದಿದ್ದರೆ ಮುಂದಿನ ಭಾನುವಾರದ ಸೊಸೈಟಿ ಸಭೆಗೆ ಕರೆದುಕೊಂಡು ಹೋಗಿ. ಅಲ್ಲಿ ಸಿನಿಮಾದ ಹಾಗೆ ಇಪ್ಪತ್ತು ನಿಮಿಷದಲ್ಲಿ ಸಭೆ ಮುಗಿಯುವುದಿಲ್ಲ, ಪಾರ್ಕಿಂಗ್ ವಿಷಯ ಮೊದಲು ಬರುತ್ತದೆ.